ಖಾನೆಗಳ ವ್ಯಾಕರಣ: ಉಲ್ಲೇಖ ನಿರ್ವಹಣಾ ತಂತ್ರಾಂಶಗಳಲ್ಲಿ ನಿಯತಕಾಲಿಕದ ಹೆಸರು, ಲೇಖಕರ ಹೆಸರು ಮತ್ತು ಕನ್ನಡ

ಜೊಟೆರೊ, ಎಂಡ್‌ನೋಟ್, ಮೆಂಡಲೆ, ಬಿಬ್‌ಟೆಕ್ ಮೊದಲಾದ ಉಲ್ಲೇಖ ನಿರ್ವಹಣಾ ಸಾಧನಗಳನ್ನು ಸಂಶೋಧಕರು ಒಂದು ಅನುಕೂಲವೆಂದಷ್ಟೇ ಪರಿಗಣಿಸುವುದು ರೂಢಿ. ಪರಾಮರ್ಶನ ಸೂಚಿಯನ್ನು ಕೈಯಿಂದ ಜೋಡಿಸುವ ಶ್ರಮ ತಪ್ಪಿತು, ಅಷ್ಟು ಸಾಕು ಎಂಬ ಭಾವನೆ. ಆದರೆ ಭಾಷಾವಿಜ್ಞಾನಿಗಳು ಈ ಸಾಧನಗಳನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕಾಗಿದೆ. ವ್ಯಕ್ತಿನಾಮದ ರಚನೆ ಯಾವುದು, ಪದದ ಗಡಿ ಎಲ್ಲಿದೆ, ಲಿಪಿಗೂ ಭಾಷೆಗೂ ಇರುವ ಸಂಬಂಧವೇನು, ಎರಡು ಹೆಸರುಗಳು ಯಾವಾಗ ಒಂದೇ ಹೆಸರಾಗುತ್ತವೆ ಎಂಬ ಪ್ರಶ್ನೆಗಳಿಗೆ ಈ ತಂತ್ರಾಂಶಗಳು ತಮ್ಮ ಖಾನೆಗಳ ಮೂಲಕವೇ ಉತ್ತರ ಕೊಟ್ಟುಬಿಟ್ಟಿವೆ. ಆ ಉತ್ತರಗಳನ್ನು ನಾವು ಪ್ರಬಂಧವೊಂದರಲ್ಲಿ ಓದಿದ್ದರೆ ಖಂಡಿತ ಪ್ರಶ್ನಿಸುತ್ತಿದ್ದೆವು. ಪರದೆಯ ಮೇಲೆ ಕಂಡಾಗ ಮಾತ್ರ ತುಂಬಿ ಮುಂದೆ ಸಾಗುತ್ತೇವೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವ, ಎರಡೂ ಭಾಷೆಗಳ ಆಕರಗಳನ್ನು ಒಂದೇ ಸೂಚಿಯಲ್ಲಿ ಕೊಡಬೇಕಾದ ಸಂಶೋಧಕರ ದೃಷ್ಟಿಯಿಂದ ಈ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಯತಕಾಲಿಕದ ಹೆಸರಿನಿಂದಲೇ ಆರಂಭಿಸಬಹುದು. ಜೊಟೆರೊದಲ್ಲಿ ಇದಕ್ಕೆ ಎರಡು ಖಾನೆಗಳಿವೆ: ಪೂರ್ಣ ಹೆಸರಿಗೊಂದು, ಸಂಕ್ಷಿಪ್ತ ರೂಪಕ್ಕೊಂದು. ಎಂಡ್‌ನೋಟ್ ಇನ್ನಷ್ಟು ಉದಾರವಾಗಿದ್ದು, ನಿಯತಕಾಲಿಕಗಳ ಪದಪಟ್ಟಿಯಲ್ಲಿ ಪೂರ್ಣ ಹೆಸರಿನ ಜೊತೆಗೆ ಮೂರು ಸಂಕ್ಷಿಪ್ತ ರೂಪಗಳಿಗೆ ಅವಕಾಶ ಕೊಡುತ್ತದೆ. ಬಿಬ್‌ಟೆಕ್‌ನಲ್ಲಿ ಹೆಸರನ್ನು ಒಂದು ಸಂಕೇತಕ್ಕೆ ಕಟ್ಟಿ, ಆ ಸಂಕೇತವನ್ನಷ್ಟೇ ಎಲ್ಲೆಡೆ ಬಳಸಬಹುದು. ಸಂಕ್ಷಿಪ್ತ ರೂಪಗಳ ಹಿಂದಿರುವ ಅಂತಾರಾಷ್ಟ್ರೀಯ ನಿಯಮ ಐಎಸ್‌ಒ 4. ಅದರ ಪದಪಟ್ಟಿಯನ್ನು ಪ್ಯಾರಿಸ್‌ನಲ್ಲಿರುವ ಐಎಸ್‌ಎಸ್‌ಎನ್ ಅಂತಾರಾಷ್ಟ್ರೀಯ ಕೇಂದ್ರ ನಿರ್ವಹಿಸುತ್ತದೆ. ಒಂದೇ ಪದದ ಹೆಸರನ್ನು ಸಂಕ್ಷೇಪಿಸಬಾರದು. ಉಪಪದ, ಸಂಬಂಧಸೂಚಕಗಳನ್ನು ಕೈಬಿಡಬೇಕು. ಉಳಿದ ಪದಗಳ ಬಾಲವನ್ನು ಪಟ್ಟಿಯ ಪ್ರಕಾರ ಕತ್ತರಿಸಬೇಕು. ಹೀಗೆ ಕತ್ತರಿಸಿದಾಗ 'ಲ್ಯಾಂಗ್ವೇಜ್', 'ಲಿಂಗ್ವಾ' ಇದ್ದಂತೆಯೇ ಉಳಿಯುತ್ತವೆ. 'ಇಂಡಿಯನ್ ಲಿಂಗ್ವಿಸ್ಟಿಕ್ಸ್' ಮಾತ್ರ 'ಇಂಡಿಯನ್ ಲಿಂಗ್ವಿಸ್ಟ್.' ಆಗಿ, ಶಾಸ್ತ್ರವು ಶಾಸ್ತ್ರಜ್ಞನಾಗಿ ಮಾರ್ಪಡುತ್ತದೆ. ಕೊನೆಯ ಬಿಂದುವೊಂದೇ ಅದು ವ್ಯಕ್ತಿಯಲ್ಲ, ಶಾಸ್ತ್ರ ಎಂದು ಸೂಚಿಸುವ ಗುರುತು. ರೂಪಿಮಾಶಾಸ್ತ್ರವನ್ನು ಬೋಧಿಸುವವರು ತರಗತಿಯಲ್ಲಿ ಬಳಸಬಹುದಾದ ಉದಾಹರಣೆ ಇದು.

ಭಾಷಾವಿಜ್ಞಾನಕ್ಕೆ ಈ ನಿಯಮದ ಅಗತ್ಯವೇ ಇಲ್ಲ ಎಂಬುದು ನನ್ನ ನಿಲುವು. ಭಾಷಾವಿಜ್ಞಾನ ನಿಯತಕಾಲಿಕಗಳ ಸಂಪಾದಕರ ಸಮಿತಿ 2007ರಲ್ಲಿ ರೂಪಿಸಿದ ಏಕೀಕೃತ ಶೈಲಿಪತ್ರವು ನಿಯತಕಾಲಿಕಗಳ ಹೆಸರುಗಳನ್ನು ಪೂರ್ಣವಾಗಿಯೇ ಕೊಡುತ್ತದೆ. ಆದರೂ ಜೊಟೆರೊದಲ್ಲಿ ಮೆಡ್‌ಲೈನ್ ಸಂಕ್ಷೇಪಗಳನ್ನು ಬಳಸುವ ಆಯ್ಕೆಯನ್ನು ಗುರುತು ಹಾಕಿಟ್ಟ ಸಂಶೋಧಕರಿಗೆ, ತಾವು ಕೈಯಾರೆ ತುಂಬಿದ ಸಂಕ್ಷಿಪ್ತ ರೂಪ ಏಕೆ ಕಾಣಿಸುತ್ತಿಲ್ಲ ಎಂಬ ಗೊಂದಲ ಉಂಟಾಗುತ್ತದೆ. ಮೆಡ್‌ಲೈನ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಸೂಚಿ. ದ್ರಾವಿಡ ಭಾಷಾವಿಜ್ಞಾನದವರು ಆ ಗುರುತನ್ನು ತೆಗೆದುಹಾಕುವುದೇ ಲೇಸು.

ಬಾಲ ಕತ್ತರಿಸುವ ಈ ಕ್ರಮ ಕನ್ನಡದ ಹೆಸರುಗಳಿಗೆ ಏಕೆ ಒಗ್ಗುವುದಿಲ್ಲ ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ. 'ಸಾಹಿತ್ಯ ಪರಿಷತ್ಪತ್ರಿಕೆ' ಎಂಬಲ್ಲಿ 'ಪತ್ರಿಕೆ'ಯು ಸ್ವತಂತ್ರ ಪದವಾಗಿ ಬರಹದಲ್ಲಿ ಕಾಣಿಸುವುದೇ ಇಲ್ಲ, ಸಮಾಸದೊಳಗೆ ಅಡಗಿದೆ. ಪದದ ಮೊದಲ ಭಾಗದಿಂದ ಹೊಂದಿಸುವ ಪಟ್ಟಿಗೆ ಅದು 'ಪರಿಷತ್ತು' ಮಾತ್ರ. ಕನ್ನಡವು ಹೆಸರನ್ನು ಸಂಕ್ಷೇಪಿಸುವ ಕ್ರಮವೂ ಬೇರೆ: ಪ್ರತಿ ಪದದ ಮೊದಲ ಅಕ್ಷರವನ್ನು, ಅಂದರೆ ಸ್ವರಚಿಹ್ನೆ ಸಹಿತವಾದ ಪೂರ್ಣ ಘಟಕವನ್ನು ನಾವು ತೆಗೆದುಕೊಳ್ಳುತ್ತೇವೆ. ಕ.ಸಾ.ಪ. ಎನ್ನುತ್ತೇವೆ, ಕ.ಸ.ಪ. ಎನ್ನುವುದಿಲ್ಲ. ಯೂನಿಕೋಡಿನಲ್ಲಿ 'ಸಾ' ಎರಡು ಸಂಕೇತಬಿಂದುಗಳಿಂದ ಆದದ್ದು. ಮೊದಲ ಸಂಕೇತಬಿಂದುವನ್ನೇ ಮೊದಲ ಅಕ್ಷರವೆಂದು ತಿಳಿಯುವ ಯಾವುದೇ ಕಾರ್ಯವಿಧಾನ ಇಲ್ಲಿ ಎಡವುತ್ತದೆ. ಅಕ್ಷರವೆಂಬುದು ಕೇವಲ ಬರಹದ ಘಟಕವಲ್ಲ, ಭಾಷಿಕರ ಅರಿವಿನಲ್ಲಿರುವ ಘಟಕ ಎಂದು ವಾದಿಸುವವರಿಗೆ ಸಂಕ್ಷೇಪಗಳು ಒಳ್ಳೆಯ ಸಾಕ್ಷ್ಯ.

ಇನ್ನು ಕಾಲದೊಡನೆ ಬದಲಾಗುವ ಹೆಸರುಗಳು. ಟಿ. ಬರೋ ಅವರ 'ದ್ರವಿಡಿಯನ್ ಸ್ಟಡೀಸ್' ಲೇಖನಮಾಲೆಯ ಮೊದಲ ಕಂತು 1938ರಲ್ಲಿ ಪ್ರಕಟವಾದದ್ದು 'ಬುಲೆಟಿನ್ ಆಫ್ ದಿ ಸ್ಕೂಲ್ ಆಫ್ ಓರಿಯಂಟಲ್ ಸ್ಟಡೀಸ್'ನಲ್ಲಿ. 1940ರ ದಶಕದ ಕಂತುಗಳ ವೇಳೆಗೆ ಸಂಸ್ಥೆಯ ಹೆಸರಿಗೆ 'ಆಫ್ರಿಕನ್' ಸೇರಿ, ಬುಲೆಟಿನ್ನಿನ ಹೆಸರೂ ಬದಲಾಗಿತ್ತು. ಸಂಪುಟಗಳ ಎಣಿಕೆ ಮಾತ್ರ ಮುಂದುವರಿಯಿತು. ಒಂದೇ ಮಾಲೆಯ ಲೇಖನಗಳು ಎರಡು ಹೆಸರಿನಡಿ ಇರುವುದನ್ನು ಕಂಡ ಸಂಶೋಧನಾ ವಿದ್ಯಾರ್ಥಿ ಅದನ್ನು ದೋಷವೆಂದು ಭಾವಿಸಿ ಎಲ್ಲವನ್ನೂ ಹೊಸ ಹೆಸರಿಗೆ ತರುವುದು ಸಹಜ. ಸಾಮೂಹಿಕ ತಿದ್ದುಪಡಿಯ ಸೌಲಭ್ಯ ಇದನ್ನು ಕ್ಷಣಮಾತ್ರದ ಕೆಲಸವಾಗಿಸುತ್ತದೆ. ಜೆಸ್ಟೋರ್‌ನಿಂದ ಆಮದು ಮಾಡಿಕೊಂಡ ದಾಖಲೆಗಳಲ್ಲಿ 'ಯೂನಿವರ್ಸಿಟಿ ಆಫ್ ಲಂಡನ್' ಎಂಬ ಬಾಲವೂ ಸೇರಿರುತ್ತದೆ, ಬೇರೆಡೆಯಿಂದ ಬಂದವುಗಳಲ್ಲಿ ಇರುವುದಿಲ್ಲ. ಕೊನೆಗೆ ಒಂದೇ ಸಂಗ್ರಹದಲ್ಲಿ ನಾಲ್ಕು ರೂಪಗಳು ಕಾಣಿಸಿಕೊಳ್ಳುತ್ತವೆ.

ಈ ನಾಲ್ಕರಲ್ಲಿ ಎರಡನ್ನು ಒಂದಾಗಿಸಬೇಕು, ಎರಡನ್ನು ಬೇರೆಯಾಗಿಯೇ ಉಳಿಸಬೇಕು. ಬಾಲವಿರುವ, ಬಾಲವಿಲ್ಲದ ರೂಪಗಳ ವ್ಯತ್ಯಾಸ ಸೂಚಿಕಾರರದು. 1938ರ ಹೆಸರಿಗೂ ನಂತರದ ಹೆಸರಿಗೂ ಇರುವ ವ್ಯತ್ಯಾಸ ಚರಿತ್ರೆಯದು. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನೂ ಪಾಠಾಂತರವನ್ನೂ ನಾವು ಬೇರೆಬೇರೆಯಾಗಿ ನೋಡುವುದಿಲ್ಲವೇ? ಪ್ರಚಲಿತ ತಂತ್ರಾಂಶಗಳ ಮಾದರಿಯಲ್ಲಿ ಈ ಭೇದಕ್ಕೆ ನೆಲೆಯಿಲ್ಲ. ಹೆಸರು ಎಂಬುದು ಅಕ್ಷರಗಳ ಒಂದು ಸಾಲು, ಅಷ್ಟೆ. ಹೆಸರಿನ ಮಹತ್ವದ ಬದಲಾವಣೆಗೆ ಹೊಸ ಐಎಸ್‌ಎಸ್‌ಎನ್ ಸಂಖ್ಯೆ ಕೊಡುವ ಪದ್ಧತಿ ಇದೆ. ಆದರೆ ಆ ಸಂಖ್ಯೆಯ ಖಾನೆಯನ್ನು ಭಾಷಾವಿಜ್ಞಾನದ ಶೈಲಿಗಳು ಮುದ್ರಿಸುವುದಿಲ್ಲವಾದ್ದರಿಂದ ಅದನ್ನು ಪರಿಶೀಲಿಸುವವರು ವಿರಳ.

ಕನ್ನಡದಲ್ಲಿ ಈ ಸಮಸ್ಯೆ ಇನ್ನೂ ಆಳವಾದದ್ದು. 1915ರಲ್ಲಿ ಸ್ಥಾಪಿತವಾದ ಕರ್ಣಾಟಕ ಸಾಹಿತ್ಯ ಪರಿಷತ್ತು ಮುಂದೆ ಕನ್ನಡ ಸಾಹಿತ್ಯ ಪರಿಷತ್ತಾಯಿತು. 'ಕರ್ಣಾಟಕ', 'ಕರ್ನಾಟಕ' ಎಂಬ ಎರಡು ಬರಹಗಳಲ್ಲಿ ಮೂರ್ಧನ್ಯ ಮತ್ತು ದಂತ್ಯ ಅನುನಾಸಿಕಗಳ ವ್ಯತ್ಯಾಸವಷ್ಟೇ ಇದ್ದರೂ, ಹುಡುಕುವ ಯಂತ್ರಕ್ಕೆ ಅವು ಎರಡು ಪದಗಳು. ಧಾರವಾಡದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು 'ಕರ್ನಾಟಕ್'; ಕೊನೆಯಲ್ಲಿ ಸ್ವರವಿಲ್ಲ. 1973ರಲ್ಲಿ ರಾಜ್ಯಕ್ಕೆ ಈಗಿನ ಹೆಸರು ಬರುವುದಕ್ಕೆ ಬಹಳ ಹಿಂದಿನದು ಅದು. ಆ ವಿಶ್ವವಿದ್ಯಾಲಯದ ನಿಯತಕಾಲಿಕದ ಹೆಸರಿಗೆ ಸ್ವರವೊಂದನ್ನು ಸೇರಿಸಿ 'ತಿದ್ದಿದ' ಸೂಚಿಗಳು ಅಪರೂಪವಲ್ಲ. 'ಪ್ರಬುದ್ಧ ಕರ್ನಾಟಕ'ವನ್ನು ರೋಮನ್ ಲಿಪಿಗೆ ತರುವಾಗ ಒಬ್ಬರು ಐಎಸ್‌ಒ 15919ರ ಚಿಹ್ನೆಗಳನ್ನು ಬಳಸುತ್ತಾರೆ, ಇನ್ನೊಬ್ಬರು ಚಿಹ್ನೆಗಳನ್ನೆಲ್ಲ ಬಿಡುತ್ತಾರೆ. 1919ರಿಂದ ನಡೆದುಬಂದ ನಿಯತಕಾಲಿಕವೊಂದು ಹೀಗೆ ಹಲವು ಹೆಸರುಗಳಲ್ಲಿ ಚದುರಿಹೋಗುತ್ತದೆ.

ಚದುರಿದರೇನು ನಷ್ಟ ಎಂದು ಕೇಳಬಹುದು. 2019ರಲ್ಲಿ ಯುಜಿಸಿ-ಕೇರ್ ಪಟ್ಟಿ ಜಾರಿಗೆ ಬಂದ ಮೇಲೆ, ಲೇಖನವೊಂದು ಪಟ್ಟಿಯಲ್ಲಿರುವ ನಿಯತಕಾಲಿಕದ್ದೇ ಎಂದು ತೋರಿಸಲು ಹೆಸರು ಮತ್ತು ಐಎಸ್‌ಎಸ್‌ಎನ್ ಸರಿಯಾಗಿ ಹೊಂದಬೇಕಾಗಿತ್ತು. ಅಸಲಿ ನಿಯತಕಾಲಿಕದ ಹೆಸರನ್ನೇ ಧರಿಸಿದ ನಕಲಿಗಳೂ ಇದ್ದವು. 2025ರಲ್ಲಿ ಆ ಪಟ್ಟಿಯನ್ನು ಕೈಬಿಡಲಾಯಿತಾದರೂ ಉಲ್ಲೇಖಗಳನ್ನು ಎಣಿಸುವ ವ್ಯವಸ್ಥೆಗಳು ಹಾಗೆಯೇ ಇವೆ. ಚದುರಿದ ಹೆಸರಿನ ಲೇಖನಕ್ಕೆ ಬಂದ ಉಲ್ಲೇಖಗಳು ಒಟ್ಟುಗೂಡುವುದಿಲ್ಲ. ಕನ್ನಡದಲ್ಲಿ ಪ್ರಕಟವಾದ ಭಾಷಾಶಾಸ್ತ್ರದ ಬರಹ ಇಂಗ್ಲಿಷಿನಲ್ಲಿ ಉಲ್ಲೇಖಗೊಂಡರೂ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆಯೂ ಇದೆ. 2015ರಲ್ಲಿ ಎಲ್ಸೆವಿಯರ್ ಪ್ರಕಾಶನದ 'ಲಿಂಗ್ವಾ'ದ ಸಂಪಾದಕರು ಮುಕ್ತ ಪ್ರವೇಶದ ವಿಚಾರದಲ್ಲಿ ಪ್ರಕಾಶಕರೊಡನೆ ಒಮ್ಮತ ಮೂಡದೆ ರಾಜೀನಾಮೆ ಕೊಟ್ಟು 'ಗ್ಲಾಸಾ'ವನ್ನು ಆರಂಭಿಸಿದರು. ಸಂಪಾದಕರು ಹೊರನಡೆದರು, ಹೆಸರು, ಅದರೊಡನೆ ದಶಕಗಳ ಉಲ್ಲೇಖಗಳ ಎಣಿಕೆ ಪ್ರಕಾಶಕರ ಬಳಿಯೇ ಉಳಿಯಿತು. 'ಗ್ಲಾಸಾ' ಎಂಬ ಹೆಸರಿನ ಬೇರೊಂದು ನಿಯತಕಾಲಿಕ 1967ರಲ್ಲಿಯೇ ಆರಂಭವಾಗಿದ್ದುದರಿಂದ, ಹೊಸತರ ಉಪಶೀರ್ಷಿಕೆ ಅಲಂಕಾರಕ್ಕೆ ಇರುವುದಲ್ಲ. ಚುಟುಕಾಗಿರಲೆಂದು ಅದನ್ನು ಅಳಿಸಿಹಾಕುವವರು ಎರಡು ನಿಯತಕಾಲಿಕಗಳನ್ನು ಬೆಸೆಯುತ್ತಿರುತ್ತಾರೆ.

ನಿಯತಕಾಲಿಕದ ಹೆಸರಿಗಿಂತ ಲೇಖಕರ ಹೆಸರಿನ ಖಾನೆ ಇನ್ನೂ ಹೆಚ್ಚಿನ ಟೀಕೆಗೆ ಅರ್ಹವಾದದ್ದು. ಜೊಟೆರೊ ಬಳಸುವ ಸಿಎಸ್‌ಎಲ್ ಎಂಬ ಉಲ್ಲೇಖ ಶೈಲಿಭಾಷೆಯಲ್ಲಿ ವ್ಯಕ್ತಿನಾಮದ ಮುಖ್ಯ ಅಂಗಗಳು ಎರಡು: ಕುಲನಾಮ ಮತ್ತು ಅಂಕಿತನಾಮ. ಭದ್ರಿರಾಜು ಕೃಷ್ಣಮೂರ್ತಿ ಅವರ ಹೆಸರನ್ನು ತೆಗೆದುಕೊಳ್ಳೋಣ. ತೆಲುಗಿನ ಪದ್ಧತಿಯಂತೆ 'ಭದ್ರಿರಾಜು' ಮನೆತನದ ಹೆಸರು, 'ಕೃಷ್ಣಮೂರ್ತಿ' ಅಂಕಿತನಾಮ. ಅಂತಾರಾಷ್ಟ್ರೀಯ ಬಳಕೆಯಲ್ಲಿ 'ಕೃಷ್ಣಮೂರ್ತಿ'ಯನ್ನು ಕುಲನಾಮದ ಖಾನೆಗೂ 'ಭದ್ರಿರಾಜು'ವನ್ನು ಅಂಕಿತನಾಮದ ಖಾನೆಗೂ ಹಾಕಬೇಕು. ಹಾಗೆ ಹಾಕದಿದ್ದರೆ 2003ರ 'ದಿ ದ್ರವಿಡಿಯನ್ ಲ್ಯಾಂಗ್ವೇಜಸ್' ಕೃತಿ ಸೂಚಿಯಲ್ಲಿ ಯಾರೂ ಹುಡುಕದ ಜಾಗದಲ್ಲಿ ಕೂರುತ್ತದೆ. ಖಾನೆಯ ಶೀರ್ಷಿಕೆ ಹೇಳುವುದು ಒಂದು, ನಾವು ತುಂಬುವುದು ಅದರ ನೇರ ವಿರುದ್ಧ. ಇಷ್ಟಕ್ಕೇ ಮುಗಿಯಲಿಲ್ಲ. ಅವರು ತಮ್ಮ ಹೆಸರನ್ನು ಸಂಕ್ಷೇಪಿಸುತ್ತಿದ್ದುದು ಎರಡು ರೋಮನ್ ಅಕ್ಷರಗಳಿಂದ, ಏಕೆಂದರೆ 'ಭ' ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಒಂದೇ ವರ್ಣ. ಪೂರ್ಣ ಹೆಸರನ್ನು ತುಂಬಿ, ಮೊದಲಕ್ಷರ ಮಾತ್ರ ಬಯಸುವ ಶೈಲಿಯನ್ನು ಆರಿಸಿದರೆ ತಂತ್ರಾಂಶ ಮೊದಲ ರೋಮನ್ ಅಕ್ಷರವನ್ನಷ್ಟೇ ಉಳಿಸಿ ಮಹಾಪ್ರಾಣವನ್ನು ಅಲ್ಪಪ್ರಾಣವಾಗಿಸುತ್ತದೆ. ತೌಲನಿಕ ದ್ರಾವಿಡದ ಹಿರಿಯ ವಿದ್ವಾಂಸರೊಬ್ಬರ ಹೆಸರಿನಲ್ಲಿ ಹೀಗಾಗುವುದು ವಿಚಿತ್ರ.

ಮಹಾಪ್ರಾಣದ ಮಾತು ಬಂದದ್ದರಿಂದ ಡಿ. ಎನ್. ಶಂಕರ ಭಟ್ಟರ ಪ್ರಸ್ತಾಪವೂ ಅನಿವಾರ್ಯ. ಅವರ ಇಂಗ್ಲಿಷ್ ಪ್ರಕಟಣೆಗಳಲ್ಲಿ 'ಶಂಕರ' ಎಂಬುದು ಕೆಲವೆಡೆ ಪೂರ್ಣವಾಗಿ, ಕೆಲವೆಡೆ ಒಂದಕ್ಷರವಾಗಿ ಬರುತ್ತದೆ. ಕನ್ನಡದಲ್ಲಿ ಅವರು ತಮ್ಮ ಹೆಸರನ್ನು 'ಶಂಕರ ಬಟ್' ಎಂದು ಬರೆದುಕೊಂಡರು. ಕನ್ನಡದ ಉಚ್ಚಾರಣೆಯಲ್ಲಿ ಮಹಾಪ್ರಾಣಗಳಿಲ್ಲ, ಬರಹದಲ್ಲಿಯೂ ಅವು ಬೇಡ ಎಂಬ ಅವರ ವಾದಕ್ಕೆ ಆ ಬರಹವೇ ನಿದರ್ಶನ. ಸೂಚಿಯ ಏಕರೂಪತೆಗಾಗಿ ಅದನ್ನು 'ಭಟ್' ಎಂದು ತಿದ್ದಿದರೆ ಲೇಖಕರ ಸಿದ್ಧಾಂತವನ್ನೇ ತಿದ್ದಿದಂತೆ. ತಿದ್ದದಿದ್ದರೆ ಯಂತ್ರದ ಲೆಕ್ಕದಲ್ಲಿ ಇಬ್ಬರು ಲೇಖಕರು. ಆ ವಾದವನ್ನು ಒಪ್ಪದವರೂ ಮುದ್ರಿತ ಪುಸ್ತಕದ ಮೇಲಿರುವ ಹೆಸರನ್ನು ಹಾಗೆಯೇ ಕೊಡಲು ಬದ್ಧರು ಎಂದು ನಾನು ಭಾವಿಸುತ್ತೇನೆ.

ಸಿಎಸ್‌ಎಲ್ ನಿಯಮಾವಳಿಯ ಇನ್ನೊಂದು ವಿಧಿ ಭಾಷಾವಿಜ್ಞಾನಿಗಳ ಗಮನಕ್ಕೆ ಬರಲೇಬೇಕು. ರೋಮನ್, ಗ್ರೀಕ್, ಸಿರಿಲಿಕ್, ಅರಬ್ಬಿಯಂಥ ಲಿಪಿಗಳಲ್ಲಿ ಬರೆದ ಹೆಸರುಗಳಲ್ಲಿ ಅಂಕಿತನಾಮ ಮೊದಲು ಬರುತ್ತದೆ. 'ಏಷ್ಯಾದ ಲಿಪಿ'ಗಳಲ್ಲಿ ಬರೆದ ಹೆಸರುಗಳು ಸದಾ ಕುಲನಾಮದಿಂದಲೇ ಆರಂಭವಾಗಬೇಕು. ಚೀನೀ, ಜಪಾನೀ ಹೆಸರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ವಿಧಿಯಲ್ಲಿ ಲಿಪಿಯನ್ನೇ ನಾಮಪದ್ಧತಿಯ ಸಾಕ್ಷ್ಯವೆಂದು ಹಿಡಿಯಲಾಗಿದೆ. ತೀ. ನಂ. ಶ್ರೀಕಂಠಯ್ಯನವರ ಹೆಸರಿನಲ್ಲಿ 'ತೀ' ತೀರ್ಥಪುರವೆಂಬ ಊರು, 'ನಂ' ತಂದೆ ನಂಜುಂಡಯ್ಯ. ಕುಲನಾಮವೆಂಬುದೇ ಇಲ್ಲದ ಈ ಹೆಸರನ್ನು ಎರಡು ಖಾನೆಗಳಿಗೆ ಹಂಚಿದರೆ, ವಾಕ್ಯದ ನಡುವೆಯೂ ಅಡಿಟಿಪ್ಪಣಿಯಲ್ಲಿಯೂ 'ಶ್ರೀಕಂಠಯ್ಯ'ವೇ ಮುಂದೆ ಬಂದು 'ತೀ. ನಂ.' ಹಿಂದೆ ಸರಿಯಬೇಕಾಗುತ್ತದೆ. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ತುಂಬಿದರೆ ಕ್ರಮ ಬದಲಾಗುತ್ತದೆ. ಎಮೆನೋ ಅವರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದೊಡನೆ ಅವರೂ ಏಷ್ಯಾದವರಾಗುತ್ತಾರೆ. ಲಿಪಿ ಬೇರೆ, ಭಾಷೆ ಬೇರೆ ಎಂದು ಪ್ರಥಮ ವರ್ಷದಲ್ಲಿಯೇ ಕಲಿಸುವ ಶಿಸ್ತಿನವರು ನಾವು.

ಇದಕ್ಕೆ ಪ್ರಾಯೋಗಿಕ ಪರಿಹಾರವೊಂದಿದೆ. ಜೊಟೆರೊದಲ್ಲಿ ಹೆಸರನ್ನು ಎರಡು ಖಾನೆಗಳ ಬದಲು ಒಂದೇ ಖಾನೆಯಲ್ಲಿ ತುಂಬಬಹುದು; ಸಂಸ್ಥೆಗಳ ಹೆಸರಿಗಾಗಿ ಇರುವ ಸೌಲಭ್ಯ ಅದು. ಅಲ್ಲಿ 'ತೀ. ನಂ. ಶ್ರೀಕಂಠಯ್ಯ' ಎಂದು ಬರೆದರೆ ಉಲ್ಲೇಖದಲ್ಲಿಯೂ ಅದು ಪೂರ್ಣವಾಗಿ ಬರುತ್ತದೆ. ಶ್ರೀಕಂಠಯ್ಯ ಎಂಬ ಹೆಸರಿನವರು ಅನೇಕರಿರುವಾಗ ಕನ್ನಡದ ಓದುಗರು ಬಯಸುವುದೂ ಇದನ್ನೇ. ಸೂಚಿಯಲ್ಲಿ ಹೆಸರು 'ತ'ಕಾರದಡಿ ಬರುವುದನ್ನು ಒಪ್ಪಿಕೊಳ್ಳಬೇಕು. ಹಾಗೆ ಇನಿಷಿಯಲ್‌ಗಳಿಂದಲೇ ಜೋಡಿಸುವ ರೂಢಿ ಕನ್ನಡ ಗ್ರಂಥಸೂಚಿಗಳಲ್ಲಿ ಹೊಸತೇನೂ ಅಲ್ಲ. ಕನ್ನಡದ ವ್ಯಕ್ತಿಗಳು ಸಂಸ್ಥೆಗಳ ವೇಷ ತೊಟ್ಟಾಗ ಮಾತ್ರ ತಮ್ಮ ಹೆಸರನ್ನು ಉಳಿಸಿಕೊಳ್ಳಬಲ್ಲರು ಎಂಬುದು ಆ ಮಾದರಿಯ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಓದುಗರೇ ಯೋಚಿಸಬಹುದು.

ಉಲ್ಲೇಖವು ವಾಕ್ಯದೊಳಗೆ ಬಂದಾಗ ವಿಭಕ್ತಿಯ ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಲ್ಲಿ ಹೆಸರು, ಕಂಸದಲ್ಲಿ ವರ್ಷ, ಅನಂತರ ಕ್ರಿಯಾಪದ. ಕನ್ನಡದಲ್ಲಿ 'ಕೃಷ್ಣಮೂರ್ತಿಯವರ (2003) ಪ್ರಕಾರ' ಎನ್ನಬೇಕು; ಗೌರವವಾಚಕವೂ ವಿಭಕ್ತಿ ಪ್ರತ್ಯಯವೂ ಹೆಸರಿಗೆ ಅಂಟಬೇಕು, ವರ್ಷ ಅದರ ಆಚೆ ನಿಲ್ಲಬೇಕು. ತಂತ್ರಾಂಶ ಕೊಡುವ ಉಲ್ಲೇಖವಾದರೋ ಒಡೆಯಲಾಗದ ಒಂದು ಗಟ್ಟಿ. ಪ್ರತ್ಯಯವನ್ನು ಅದರ ಹೊರಗೆ, ಕಂಸದ ನಂತರ ಅಂಟಿಸಿದರೆ 'ಕೃಷ್ಣಮೂರ್ತಿ (2003)ಯವರ' ಎಂಬ ಅಸಂಬದ್ಧ ರೂಪ ಹುಟ್ಟುತ್ತದೆ. ತುರ್ಕಿ, ಫಿನ್ನಿಶ್, ಹಂಗೇರಿಯನ್‌ಗಳಂಥ ಅಂಟು ಭಾಷೆಗಳಲ್ಲಿ ಬರೆಯುವವರೂ ಇಂ­ಥದೇ ತೊಡಕನ್ನು ಎದುರಿಸಬೇಕು. ಹೆಸರನ್ನು ಕೈಯಿಂದ ಬರೆದು, ಉಲ್ಲೇಖದಲ್ಲಿ ಲೇಖಕರ ಹೆಸರನ್ನು ಬಿಡುವ ಆಯ್ಕೆಯನ್ನು ಬಳಸುವುದು ಸದ್ಯದ ಉಪಾಯ. ಅಷ್ಟು ಶ್ರಮ ಬೇಡವೆನ್ನುವವರು ಎಲ್ಲ ಉಲ್ಲೇಖಗಳನ್ನೂ ವಾಕ್ಯದ ಕೊನೆಯ ಕಂಸಕ್ಕೆ ತಳ್ಳುತ್ತಾರೆ. ಆಗ ಪೂರ್ವಸೂರಿಗಳೊಡನೆ ವಾದಿಸುವ ವಾಕ್ಯಗಳು ಕಡಿಮೆಯಾಗಿ, ಅವರನ್ನು ಪಟ್ಟಿಮಾಡುವ ವಾಕ್ಯಗಳು ಹೆಚ್ಚುತ್ತವೆ.

ದ್ವಿಭಾಷಾ ಸೂಚಿಯಲ್ಲಿ 'ಮತ್ತು', 'ಇತರರು' ಎಂಬ ಪದಗಳು ಯಾವ ಭಾಷೆಯಲ್ಲಿ ಬರಬೇಕು ಎಂಬುದೂ ಸಣ್ಣ ವಿಷಯವಲ್ಲ. ಸಾಮಾನ್ಯ ಸಿಎಸ್‌ಎಲ್‌ನಲ್ಲಿ ಇಡೀ ದಾಖಲೆಗೆ ಒಂದೇ ಭಾಷೆ. ಫ್ರಾಂಕ್ ಬೆನೆಟ್ ಅವರು ಜೊಟೆರೊವನ್ನು ಆಧರಿಸಿ ರೂಪಿಸಿದ ಜ್ಯೂರಿಸ್-ಎಂ ಈ ಮಿತಿಯನ್ನು ದಾಟಿತ್ತು: ಒಂದೇ ಖಾನೆಗೆ ಮೂಲ ಲಿಪಿ, ಲಿಪ್ಯಂತರ, ಅನುವಾದ ಮೂರನ್ನೂ ಜೋಡಿಸಲು ಅದರಲ್ಲಿ ಅವಕಾಶವಿತ್ತು. ಲೇಟೆಕ್ ಬಳಸುವವರಿಗೆ ಬಿಬ್‌ಲೇಟೆಕ್ ಪ್ರತಿ ದಾಖಲೆಗೂ ಬೇರೆ ಭಾಷೆಯನ್ನು ನಿಗದಿಪಡಿಸಲು ಬಿಡುತ್ತದೆ. ಜೊಟೆರೊದಲ್ಲಿ 'ಎಕ್ಸ್‌ಟ್ರಾ' ಖಾನೆಯಲ್ಲಿ ಲೇಖನದ ಮೂಲ ಶೀರ್ಷಿಕೆಯನ್ನು ಸೂಚಿಸಬಹುದು. ನಿಯತಕಾಲಿಕದ ಮೂಲ ಹೆಸರಿಗೆ ಅಂಥ ಚರವೇ ಇಲ್ಲ. ಲೇಖನಕ್ಕೆ ಅನುವಾದವಿರಬಹುದು, ನಿಯತಕಾಲಿಕಕ್ಕೆ ಒಂದೇ ಹೆಸರು ಎಂಬುದು ಇದರ ಹಿಂದಿನ ಗ್ರಹಿಕೆ. ದ್ವಿಭಾಷಾ ನಿಯತಕಾಲಿಕದ ಮುಖಪುಟವೇ ಇದನ್ನು ಅಲ್ಲಗಳೆಯುತ್ತದೆ.

ಲಿಪ್ಯಂತರದಲ್ಲಿ ಇನ್ನೊಂದು ಅಪಾಯವಿದೆ. ಮೂರ್ಧನ್ಯಗಳಿಗೆ ದೊಡ್ಡಕ್ಷರ ಬಳಸುವ ಹಳೆಯ ರೂಢಿಯಲ್ಲಿ ಅಕ್ಷರದ ಗಾತ್ರವೇ ಧ್ವನಿಭೇದ. ಬಿಬ್‌ಟೆಕ್‌ನ ಮೂಲ ಶೈಲಿ ಲೇಖನದ ಶೀರ್ಷಿಕೆಯನ್ನು ಚಿಕ್ಕಕ್ಷರಕ್ಕೆ ಇಳಿಸುವುದರಿಂದ 'ಕನ್ನಡ' ಹೋಗಿ 'ಕನ್ನದ'ವಾಗುತ್ತದೆ. ಪದಗಳ ಮೊದಲಕ್ಷರವನ್ನು ದೊಡ್ಡದಾಗಿಸುವ ಶೈಲಿಗಳಲ್ಲಿ 'ದೊರೆ'ಯು 'ಡೊರೆ'ಯಾಗುತ್ತಾನೆ. ಬಿಬ್‌ಟೆಕ್‌ನಲ್ಲಿ ಶೀರ್ಷಿಕೆಯನ್ನು ಜೋಡಿ ಪುಷ್ಪಾವರಣದಲ್ಲಿಡಬೇಕು. ಜೊಟೆರೊದಲ್ಲಿ ಭಾಷೆಯ ಖಾನೆಯನ್ನು ಖಾಲಿ ಬಿಡದೆ ಕನ್ನಡವೆಂದು ತುಂಬಬೇಕು, ಏಕೆಂದರೆ ದೊಡ್ಡಕ್ಷರದ ಪರಿವರ್ತನೆ ಇಂಗ್ಲಿಷೇತರ ದಾಖಲೆಗಳಿಗೆ ಅನ್ವಯಿಸುವುದಿಲ್ಲ. ಕನ್ನಡ ಲಿಪಿಯಲ್ಲಿಯೇ ತುಂಬಿದರೂ ಕಾಣದ ಭೇದಗಳು ಉಳಿಯುತ್ತವೆ: 'ಜರ್ನಲ್' ಪದದ ಕೊನೆಯ ಅರ್ಧಾಕ್ಷರದ ನಂತರ ಶೂನ್ಯ ಅಗಲದ ವಿಭಜಕವೊಂದು ಕುಳಿತಿದ್ದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆಬೇರೆ. ಯೂನಿಕೋಡ್ ಸಾಮಾನ್ಯೀಕರಣ ಸ್ವರಚಿಹ್ನೆಗಳ ಇಬ್ಬಗೆಯನ್ನು ಸರಿಪಡಿಸುತ್ತದೆ, ಈ ವಿಭಜಕವನ್ನು ಮುಟ್ಟುವುದಿಲ್ಲ.

ಕೊನೆಯದಾಗಿ, ಹಳಗನ್ನಡ ವ್ಯಾಕರಣದ ಅಧ್ಯಯನಕ್ಕೆ ಆಧಾರವಾದ 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನು ಯಾವ ಬಗೆಯ ದಾಖಲೆಯೆಂದು ತುಂಬಬೇಕು? ಬಿ. ಎಲ್. ರೈಸ್ 1886ರಲ್ಲಿ ಆರಂಭಿಸಿದ ಈ ಮಾಲೆ ಹೆಸರಿನಲ್ಲಿ ನಿಯತಕಾಲಿಕದಂತೆ ಕಾಣುತ್ತದೆ. ಸಂಪುಟ ಸಂಖ್ಯೆಯೂ ಇದೆ. ಹಾಗಾಗಿ ಅನೇಕರು ಅದನ್ನು ನಿಯತಕಾಲಿಕದ ಲೇಖನವಾಗಿ ದಾಖಲಿಸುತ್ತಾರೆ. ಆದರೆ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆ ಬದಲಾಗಿದೆ. ಹಳೆಯ ಮೂರನೆಯ ಸಂಪುಟದ ತಾಲ್ಲೂಕುಗಳೂ ಹೊಸ ಮೂರನೆಯ ಸಂಪುಟದ ತಾಲ್ಲೂಕುಗಳೂ ಒಂದೇ ಅಲ್ಲ. ನಿಯತಕಾಲಿಕ ಲೇಖನದ ನಮೂನೆಯಲ್ಲಿ ಆವೃತ್ತಿಗೆ ಖಾನೆಯಿಲ್ಲದ್ದರಿಂದ ಅಂಥ ದಾಖಲೆ ಯಾವ ಮೂರನೆಯ ಸಂಪುಟವನ್ನು ಸೂಚಿಸುತ್ತದೆಂದು ಹೇಳಲಾಗದು. ಪುಸ್ತಕದ ನಮೂನೆಯನ್ನು ಆರಿಸಿ ಆವೃತ್ತಿಯನ್ನು ತುಂಬುವುದು ಸರಿಯಾದ ಮಾರ್ಗ. ಇಷ್ಟಾದರೂ ಶಾಸನವನ್ನು ಗುರುತಿಸುವುದು ಪುಟದಿಂದಲ್ಲ, ತಾಲ್ಲೂಕು ಮತ್ತು ಕ್ರಮಸಂಖ್ಯೆಯಿಂದ. ಪುಟ, ಅಧ್ಯಾಯ, ಪದ್ಯ, ಸಾಲು ಎಂಬ ಸ್ಥಾನಸೂಚಕಗಳ ಪಟ್ಟಿಯಲ್ಲಿ ಶಾಸನವೆಂಬುದು ಸೇರಿಲ್ಲ. ಸದ್ಯಕ್ಕೆ ತಾಲ್ಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಪ್ರತಿ ಉಲ್ಲೇಖದ ಉತ್ತರಭಾಗದ ಖಾನೆಯಲ್ಲಿ ಕೈಯಿಂದಲೇ ಬರೆಯಬೇಕು. ಸಪ್ತಮಿ ವಿಭಕ್ತಿಯ ಇನ್ನೂರು ಪ್ರಯೋಗಗಳನ್ನು ಕೊಡುವ ಪ್ರಬಂಧದಲ್ಲಿ ಇನ್ನೂರು ಬಾರಿ.